ವಾಪಸು ಬಂದ ಶಂಖಗಳು

ಶಂಖಗಳಿಗೆ ಕಿವಿಯಿದ್ದ ಕಾಲದಲ್ಲಿ, ಏಳು ಕಡಲುಗಳ ಈಚೆ ದಡದಲ್ಲಿ, ನಲಿವಾಡಿ ಎಂಬ ರಾಜ್ಯವಿತ್ತು. ಆ ರಾಜ್ಯದ ನಟ್ಟನಡುವೆ ಒಂದು ವಿನೋದವನ. ಹಾರುವ ಜೋಕಾಲಿ, ನೀರಿನ ಮೇಲೆ ನಡೆಯುವ ಬೊಂಬೆಗಳು, ಬೆಂಕಿಯಾಟ, ಏನು ಕೇಳಿದರೂ ಅಲ್ಲಿತ್ತು. ಆದರೆ ಜನ ಮುಗಿಬೀಳುತ್ತಿದ್ದದ್ದು ಸಂಜೆಯ ಮೆರವಣಿಗೆಗೆ. ಮುಂದೆ ತಾನಾಗಿ ನಡೆಯುವ ಮರದ ಆನೆ, ಅದರ ಹಿಂದೆ ಕಾಗದದ ನವಿಲುಗಳು, ಅವುಗಳ ಹಿಂದೆ ವಾದ್ಯದವರು.

ವನದ ಹೆಬ್ಬಾಗಿಲ ಪಕ್ಕದಲ್ಲಿ ಕೆಂಚಾಂಬೆ ಎಂಬ ಹೆಂಗಸಿನ ಶಂಖದ ಅಂಗಡಿ. ಖಾಲಿ ಶಂಖವನ್ನು ಮೆರವಣಿಗೆಯ ಕಡೆ ಬಾಯಿ ಮಾಡಿ ಹಿಡಿದರೆ ಕೇಳಿದ್ದೆಲ್ಲ ಅದರೊಳಗೆ ಇಳಿದು ಕೂರುತ್ತಿತ್ತು. ಮನೆಗೆ ಹೋಗಿ ಕವುಚಿದರೆ ಮತ್ತೆ ಹೊರಗೆ ಬರುತ್ತಿತ್ತು. ನಲಿವಾಡಿಯವರಿಗೆ ಇದೊಂದು ಹುಚ್ಚು. ಮನೆಮನೆಯ ಗೂಡಿನಲ್ಲೂ ಸಾಲುಸಾಲು ಶಂಖ. "ನಿನ್ನ ಹತ್ತಿರ ಹೋದ ವರ್ಷದ ನವಿಲು ಕುಣಿತ ಇದೆಯೇನೋ? ನನ್ನದು ಬೆಂಕಿಯಾಟದ್ದು ತಗೋ, ಬದಲಿಗೆ ಅದು ಕೊಡು" ಅಂತ ಬೀದಿಯಲ್ಲೇ ಚೌಕಾಸಿ ನಡೆಯುತ್ತಿತ್ತು.

ಕೆಂಚಾಂಬೆಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದಕ್ಕೆ ಕಾರಣವೂ ಇತ್ತು. ಬೆಳಗ್ಗೆ ಅಂಗಡಿ ತೆರೆದರೆ ಸಾಕು, ಯಾರಾದರೊಬ್ಬರು ಮುಖ ಹುಳ್ಳಗೆ ಮಾಡಿಕೊಂಡು ಬರುತ್ತಿದ್ದರು.

"ಅಕ್ಕಾ, ಇದು ಕೆಟ್ಟಿದೆ. ನಡುವೆ ಯಾರದೋ ಮಗು ಅತ್ತುಬಿಟ್ಟಿದೆ. ಬದಲಾಯಿಸಿ ಕೊಡಿ."

"ಮಗು ಅತ್ತರೆ ಶಂಖ ಏನು ಮಾಡುತ್ತೆ? ಜೋಗುಳ ಹಾಡಬೇಕಿತ್ತಾ?"

ಹೀಗೆ ಬೈದರೂ ಬದಲಾಯಿಸಿ ಕೊಡುತ್ತಿದ್ದಳು. ಗಿರಾಕಿ ಒಂದು ಸಲ ಮುನಿದು ಹೋದರೆ ಪಕ್ಕದ ಅಂಗಡಿಯ ಗಿರಾಕಿ. ಒಮ್ಮೆ ತುಂಬಿದ ಶಂಖವನ್ನು ಮತ್ತೆ ತುಂಬುವಂತಿರಲಿಲ್ಲ, ಹಾಗಾಗಿ ವಾಪಸು ಬಂದದ್ದೆಲ್ಲ ಶುದ್ಧ ನಷ್ಟ. ಅವನ್ನು ಒಂದು ಗೋಣಿಚೀಲಕ್ಕೆ ಎಸೆದು, ಚೀಲವನ್ನು ಕಾಲಲ್ಲಿ ಮೂಲೆಗೆ ತಳ್ಳುತ್ತಿದ್ದಳು.

ಅರಸ ಬೇಟೆಯಲ್ಲಿ ಮುಳುಗಿ ವನವನ್ನು ಧೂಮ್ರಕಂಠ ಎಂಬ ಮಾಟಗಾರನ ಕೈಗೆ ಬಿಟ್ಟಿದ್ದ. ಈ ಧೂಮ್ರಕಂಠ ಪ್ರತಿ ವರ್ಷ ಹಳೆಯ ಮೆರವಣಿಗೆಯನ್ನು ಕಿತ್ತುಹಾಕಿ ಹೊಸದನ್ನು ತರುತ್ತಿದ್ದ. ಹಳೆಯದರ ಮಟ್ಟನ್ನು ತನ್ನ ಕರಿಶಂಖದೊಳಗೆ ಎಳೆದುಕೊಳ್ಳುತ್ತಿದ್ದ. ಹಾಗೆ ಎಳೆದಾಗ ಆ ಮಟ್ಟನ್ನು ಕಟ್ಟಿದವನ ಕೈ ಮರವಾಗುತ್ತಿತ್ತು.

ಆ ವರ್ಷದ ಮೆರವಣಿಗೆಯ ಮಟ್ಟು ಕಟ್ಟಿದವನು ಕೆಂಚಾಂಬೆಯ ತಮ್ಮ, ಮದ್ದಳೆಯ ಮಾರಲಿಂಗ. ಒಂದು ಬೆಳಗ್ಗೆ ಅವನು ಅಂಗಡಿಯ ಬಾಗಿಲಲ್ಲಿ ನಿಂತ. ಮಣಿಕಟ್ಟಿನವರೆಗೆ ಎರಡೂ ಕೈ ಹಲಸಿನ ಮರ.

"ಅಕ್ಕಾ, ಮಟ್ಟು ತಲೆಯಿಂದಲೂ ಹೋಯಿತು. ಗುನುಗೋಣವೆಂದರೆ ಏನೂ ಬರುತ್ತಿಲ್ಲ. ಹೊಸ ಮೆರವಣಿಗೆ ಹೊರಡುವಷ್ಟರಲ್ಲಿ ಮರ ಎದೆ ಮುಟ್ಟುತ್ತದಂತೆ."

"ಇದಕ್ಕೆ ಮದ್ದು?"

"ಏಳುವ ಮಟ್ಟು, ನಡೆಯುವ ಮಟ್ಟು, ಇಳಿಯುವ ಮಟ್ಟು, ಮೂರೂ ನಾನು ಬಾರಿಸಿದ ಹಾಗೇ ಕಿವಿಗೆ ಬಿದ್ದರೆ ಕೈಗೆ ನೆನಪು ಬರುತ್ತೆ."

"ಊರು ತುಂಬ ಶಂಖ ಇವೆ. ಇಷ್ಟಕ್ಕೆ ಅಳ್ತೀಯಾ?"

ಅಷ್ಟರಲ್ಲಿ ಬೀದಿಯಲ್ಲಿ ಹಿಂದೆಂದೂ ಇಲ್ಲದ ಡಂಗುರ ಕೇಳಿಸಿತು. ಹಳೆಯ ಮೆರವಣಿಗೆಯ ಮಟ್ಟು ಯಾರ ಮನೆಯಲ್ಲೂ ಇರಕೂಡದು, ಎಲ್ಲ ಶಂಖವನ್ನೂ ಒಪ್ಪಿಸತಕ್ಕದ್ದು! ಭಟರು ಮನೆಮನೆ ಹೊಕ್ಕು ಗೂಡು ಗೂಡನ್ನೂ ಬಳಿದರು. ಕೆಂಚಾಂಬೆಯ ಅಂಗಡಿಗೂ ಬಂದು ಗೋಣಿಚೀಲವನ್ನು ಒದ್ದರು.

"ಇದರಲ್ಲೇನಮ್ಮಾ?"

"ಕೆಟ್ಟವು. ವಾಪಸು ಬಂದವು. ಬೇಕಾದರೆ ಹೊತ್ಕೊಂಡು ಹೋಗಿ, ಜಾಗವಾದರೂ ಬಿಡುವಾಗುತ್ತೆ."

ಭಟ ಒಂದನ್ನು ಕವುಚಿದ. ಒಳಗಿಂದ ಯಾರೋ ಮುದುಕ ಗೊರಗೊರ ಕೆಮ್ಮಿದ. ಭಟ ಮೂಗು ಮುರಿದು, ಶಂಖವನ್ನು ಚೀಲಕ್ಕೇ ಎಸೆದು ಹೋದ.

ಮಾಟ ಕೆಂಚಾಂಬೆಗೆ ತಿಳಿಯದು, ವ್ಯಾಪಾರ ತಿಳಿಯುತ್ತಿತ್ತು. ಹಳೆಯದು ಮನೆಯಲ್ಲಿದ್ದರೆ ಹೊಸದಕ್ಕೆ ಯಾರು ಬರುತ್ತಾರೆ? ಅದಕ್ಕೇ ಈ ಡಂಗುರ. ಇಷ್ಟು ಸಣ್ಣ ಲಾಭಕ್ಕೆ ತನ್ನ ತಮ್ಮ ಕಟ್ಟಿಗೆಯಾಗಬೇಕೆ? ಕೆಮ್ಮು, ಅಳು ಬೆರೆತ ಚೀಲದವು ಕೆಲಸಕ್ಕೆ ಬಾರವೆಂದುಕೊಂಡು, ಅಂಗಡಿಗೆ ಬೀಗ ಜಡಿದು, ಮೂರು ಖಾಲಿ ಶಂಖಗಳನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು.

ಮೊದಲು ಹೋದದ್ದು ವನದ ಹಿಂದಿನ ಗುಜರಿಗೆ. ಮುರಿದ ಜೋಕಾಲಿಗಳ ನಡುವೆ ಮೆರವಣಿಗೆಯ ಮರದ ಆನೆ ಬಿದ್ದಿತ್ತು. ಮೆರವಣಿಗೆಯಲ್ಲಿ ಮಾರಲಿಂಗನ ಏಳುವ ಮಟ್ಟು ಅದರ ಹೊಟ್ಟೆಯಿಂದಲೇ ಹೊರಡುತ್ತಿತ್ತು.

"ಹತ್ತಿರ ಬಂದರೆ ತುಳಿಯುತ್ತೇನೆ" ಎಂದಿತು ಆನೆ.

ಕೆಂಚಾಂಬೆ ಮೊದಲ ಸಲ ಮೆಲ್ಲಗೆ ಕೇಳಿದಳು. ಆನೆ ಸೊಂಡಿಲು ಬೀಸಿತು. ಎರಡನೆಯ ಸಲ ಬೆಲ್ಲದ ಅಚ್ಚು ಚಾಚಿದಳು. "ಮರದ ಹೊಟ್ಟೆಗೆ ಬೆಲ್ಲವೇ?" ಎಂದು ಆನೆ ಅದನ್ನು ಕೆಡವಿತು. ಮೂರನೆಯ ಸಲಕ್ಕೆ ಅವಳ ಸಿಟ್ಟು ನೆತ್ತಿಗೇರಿತು.

"ಎಲಾ ಕೊರಡೇ! ನನ್ನ ತಮ್ಮ ಬಾರಿಸಿದ್ದಕ್ಕೆ ನೀನು ಹೆಜ್ಜೆ ಹಾಕಿದ್ದು. ಆನೆ ಬಂತು, ಆನೆ ಬಂತು ಅಂತ ಊರೇ ಕೂಗಿದಾಗ ಕಿವಿ ಅಲ್ಲಾಡಿಸ್ಕೊಂಡು ಮೆರೆದೆಯಲ್ಲ, ಈಗ ನನ್ನ ಮೇಲೆ ಗುಟುರು ಹಾಕ್ತೀಯಾ?"

ಆನೆಯ ಕಿವಿ ನಿಮಿರಿತು. "ಏನಂದೆ? ಇನ್ನೊಂದು ಸಲ ಕೂಗು."

"ಆನೆ ಬಂತು!" ಕೆಂಚಾಂಬೆ ಗಂಟಲು ಹರಿಯುವ ಹಾಗೆ ಅರಚಿದಳು.

ಆನೆ ಮೊಣಕಾಲೂರಿ ಎದ್ದಿತು. ಹೊಟ್ಟೆಯೊಳಗಿಂದ ಏಳುವ ಮಟ್ಟು ಗುಡುಗಿತು. ಕೆಂಚಾಂಬೆ ಅದನ್ನು ಶಂಖಕ್ಕೆ ತುಂಬಿಕೊಂಡಳು. ಆನೆ ಬೆನ್ನಿಗೇ ಬಂತು.

ಮನೆಗೆ ಬಂದು ನೋಡಿದರೆ ಮರ ಮಾರಲಿಂಗನ ಮೊಣಕೈ ಮುಟ್ಟಿತ್ತು.

ಎರಡನೆಯದಾಗಿ ಹೋದದ್ದು ಭೂಪಾಲಯ್ಯನ ಮನೆಗೆ. ಊರಿನಲ್ಲಿ ಅವನಷ್ಟು ಶಂಖ ಕೂಡಿಟ್ಟವರು ಇನ್ನೊಬ್ಬರಿಲ್ಲ. ಭಟರು ಬರುವ ಮೊದಲೇ ಎಲ್ಲವನ್ನೂ ನೆಲಮಾಳಿಗೆಗೆ ಸಾಗಿಸಿದ್ದ. ಪ್ರತಿ ಶಂಖದ ಬಾಯಿಗೂ ಅರಗಿನ ಮುದ್ರೆ. ಕಾವಲಿಗೆ ಒಂದು ಹಿತ್ತಾಳೆಯ ಹಾವು. ಯಜಮಾನನ ಹೊರತು ಬೇರೆ ಯಾರು ಅರಗು ಮುಟ್ಟಿದರೂ ಕಚ್ಚುತ್ತಿತ್ತು.

"ನಡೆಯುವ ಮಟ್ಟು ಇದೆ, ಆದರೆ ಮುದ್ರೆ ಒಡೆಯುವಂತಿಲ್ಲ" ಎಂದ ಭೂಪಾಲಯ್ಯ. "ಒಡೆದರೆ ಬೆಲೆ ಹೋಯಿತು."

"ನನ್ನ ತಮ್ಮನ ಜೀವ ಹೋಗ್ತಿದೆ, ಯಜಮಾನರೇ."

"ಅಯ್ಯೋ ಪಾಪ. ಆದರೂ ಒಡೆಯುವಂತಿಲ್ಲ."

ಅವನ ಕೆನ್ನೆಗೆ ಬಾರಿಸಬೇಕೆಂದು ಕೆಂಚಾಂಬೆಯ ಕೈ ತುರಿಸಿತು. ಬಾರಿಸಲಿಲ್ಲ. ದನಿ ತಗ್ಗಿಸಿ ಕೇಳಿದಳು:

"ನೀವು ಇದನ್ನು ಕೇಳಿದ್ದೀರಾ?"

"ಕೇಳುವುದೇ? ಛೆ! ಆಳಿನ ಕೈಲಿ ಹಿಡಿಸಿದೆ, ಅಲ್ಲೇ ಮುದ್ರೆ ಹಾಕಿಸಿದೆ."

"ಹಾಗಾದರೆ ಸರಿ." ಅರಗು ತಾಗದಂತೆ ಶಂಖವನ್ನು ಬೆನ್ನಲ್ಲಿ ಹಿಡಿದೆತ್ತಿ ಅಲ್ಲಾಡಿಸಿ, ಇಳಿಸಿಬಿಟ್ಟಳು. "ಖಾಲಿ."

"ಏನು?"

"ಹುಟ್ಟಿದಾಗಿಂದ ಶಂಖ ಮಾರ್ತಿದ್ದೀನಿ. ತುಂಬಿದ್ದರ ತೂಕ ನನಗೆ ಗೊತ್ತಿಲ್ವಾ? ನಿಮ್ಮ ಆಳು ಮೆರವಣಿಗೆಗೇ ಹೋಗಿಲ್ಲ. ಎಲ್ಲೋ ಮರದ ನೆರಳಲ್ಲಿ ಮಲಗೆದ್ದು ಬಂದಿದ್ದಾನೆ. ಪಕ್ಕದ್ದೂ ಖಾಲಿ. ಅದರ ಪಕ್ಕದ್ದೂ..."

"ಸುಳ್ಳು!"

"ಸುಳ್ಳೇ ಇರಲಿ ಬಿಡಿ. ಪೇಟೆಯಲ್ಲಿ ಯಾರಾದರೂ ಕೇಳಿದರೆ ನಾನು ಕಂಡದ್ದನ್ನು ಹೇಳ್ತೀನಿ" ಎಂದು ಮೆಟ್ಟಿಲ ಕಡೆ ತಿರುಗಿದಳು.

ಭೂಪಾಲಯ್ಯನ ಮುಖ ಕೆಂಡವಾಯಿತು. "ನಿಲ್ಲು! ಕೇಳು, ಕೇಳಿಕೊಂಡು ಹೋಗು!" ಎನ್ನುತ್ತಾ ತಾನೇ ಅರಗು ಒಡೆದು ಶಂಖ ಕವುಚಿದ. ನಡೆಯುವ ಮಟ್ಟು ನೆಲಮಾಳಿಗೆ ತುಂಬ ಹೆಜ್ಜೆ ಹಾಕಿತು. ಕೆಂಚಾಂಬೆಯ ಎರಡನೆಯ ಶಂಖ ತುಂಬಿತು.

"ನೀವು ಹೇಳಿದ್ದೇ ಸರಿ ಯಜಮಾನರೇ, ತುಂಬಿತ್ತು" ಎಂದು ಹೇಳಿ ಹೊರಬಿದ್ದಳು.

ಆ ಹೊತ್ತಿಗೆ ಮರ ಭುಜ ಮುಟ್ಟಿತ್ತು. ಹೊಸ ಮೆರವಣಿಗೆಯ ದಿನವೂ ಬಂದಿತ್ತು. ಕೆಂಚಾಂಬೆ ತಮ್ಮನನ್ನು ಗಾಡಿಯಲ್ಲಿ ಕೂರಿಸಿದಳು. ಬೆನ್ನು ನೆಟ್ಟಗೆ ನಿಲ್ಲುತ್ತಿರಲಿಲ್ಲ, ಒರಗಿಕೊಳ್ಳಲು ಅಂಗಡಿಯಲ್ಲಿ ಕೈಗೆ ಸಿಕ್ಕಿದ ಕೆಟ್ಟ ಶಂಖಗಳ ಗೋಣಿಚೀಲವನ್ನೇ ಹಿಂದೆ ಇಟ್ಟಳು. ಮರದ ಆನೆ ಗಾಡಿ ಎಳೆಯಿತು.

ಹೆಬ್ಬಾಗಿಲಲ್ಲಿ ಊರಿಗೆ ಊರೇ ನೆರೆದಿತ್ತು. ಎತ್ತರದ ಕಟ್ಟೆಯ ಮೇಲೆ, ಕೈಯಲ್ಲಿ ಕರಿಶಂಖ ಹಿಡಿದು ಧೂಮ್ರಕಂಠ ನಿಂತಿದ್ದ.

"ಇಳಿಯುವ ಮಟ್ಟು ಕೊಡು!" ಕೆಂಚಾಂಬೆ ಕೆಳಗಿನಿಂದಲೇ ಗದರಿದಳು.

"ಇಷ್ಟಕ್ಕೆ ಅಷ್ಟು ಜೋರೇ? ತಗೋ" ಎಂದು ನಕ್ಕ ಧೂಮ್ರಕಂಠ. "ನಾನೇ ಕೈಯಾರೆ ಸೋಸಿದ್ದು. ಒಂದು ಕೆಮ್ಮಿಲ್ಲ, ಒಂದು ಅಳುವಿಲ್ಲ. ಅಪ್ಪಟ ಚಿನ್ನ."

ಕರಿಶಂಖ ಕವುಚಿದ. ಕೆಂಚಾಂಬೆ ಹಿಡಿದುಕೊಂಡಳು. ತಮ್ಮನ ಕಿವಿಯ ಬಳಿ ಏಳುವ ಮಟ್ಟು ಸುರಿದಳು, ನಡೆಯುವ ಮಟ್ಟು ಸುರಿದಳು, ಇಳಿಯುವ ಮಟ್ಟು ಸುರಿದಳು. ಕೈ ಕದಲಲಿಲ್ಲ. ಮರ ಭುಜ ದಾಟಿ ಎದೆಯ ಕಡೆಗೆ ಹರಿಯಿತು. ಧೂಮ್ರಕಂಠ ಕಟ್ಟೆಯ ಮೇಲೆ ಬಿದ್ದು ಬಿದ್ದು ನಕ್ಕ.

"ಅಕ್ಕಾ" ಎಂದು ಮಾರಲಿಂಗ ಉಸುರಿದ. "ಕೊನೇದು ನನ್ನದಲ್ಲ. ಅಲ್ಲಿ ನಾನು ಮೂರು ಪೆಟ್ಟಿನಷ್ಟು ಜಾಗ ಖಾಲಿ ಬಿಟ್ಟಿದ್ದೆ. ಅದು ಜನರ ಪಾಲು, ಅವರು ಚಪ್ಪಾಳೆ ತಟ್ಟಲಿ ಅಂತ. ಇವನು ಅದನ್ನು ಕತ್ತರಿಸಿ ತುದಿಗೆ ತುದಿ ಅಂಟಿಸಿದ್ದಾನೆ."

ಜನರ ಪಾಲು! ಕೆಂಚಾಂಬೆ ತಮ್ಮನ ಬೆನ್ನ ಹಿಂದಿನ ಚೀಲವನ್ನು ಎಳೆದು, ಹಿಂದುಮುಂದು ನೋಡದೆ ಎಲ್ಲವನ್ನೂ ನೆಲಕ್ಕೆ ಕವುಚಿದಳು. ಶಂಖಗಳು ಒಟ್ಟಿಗೇ ಬಾಯಿ ಬಿಟ್ಟವು. ಮಗು ಅತ್ತಿತು. ಮುದುಕ ಕೆಮ್ಮಿದ. "ಕಡ್ಲೇಕಾಯ್, ಬಿಸಿಬಿಸಿ ಕಡ್ಲೇಕಾಯ್!" "ಮುಂದಿನವರು ಕೂತ್ಕೊಳ್ರೀ, ಕಾಣಲ್ಲ!" ಅದೆಲ್ಲದರ ನಡುವೆ ಮದ್ದಳೆ ಇಳಿಯುತ್ತಾ ಬಂತು, ನಿಂತಿತು, ಆ ಬಿಡುವಿನಲ್ಲಿ ಚಪ್ಪಾಳೆ ಬಿತ್ತು.

"ಅಯ್ಯೋ, ಅತ್ತಿದ್ದು ನಮ್ಮ ಪುಟ್ಟಿ!" ಎಂದು ಗುಂಪಿನಲ್ಲಿ ಒಬ್ಬಳು ಕೂಗಿದಳು.

"ಕೆಮ್ಮಿದ್ದು ನಾನೇ ಕಣ್ರೋ!" ಎಂದ ಒಬ್ಬ ಮುದುಕ.

"ನಿಂತು ನೋಡ್ತೀರೇನು?" ಕೆಂಚಾಂಬೆ ಜನರ ಮೇಲೆ ಹರಿಹಾಯ್ದಳು. "ನಿಮ್ಮ ಪಾಲು ನೀವು ಹಾಕ್ರೋ!"

ಮದ್ದಳೆ ಮತ್ತೆ ಆ ಬಿಡುವಿಗೆ ಬಂದಾಗ ಇಡೀ ಊರು ಕೈ ತಟ್ಟಿತು. ಮೊದಲ ಚಪ್ಪಾಳೆಗೆ ಕರಿಶಂಖ ಬಿರಿಯಿತು. ಎರಡನೆಯದಕ್ಕೆ ಒಡೆಯಿತು. ಮೂರನೆಯದಕ್ಕೆ ಅದರೊಳಗೆ ವರ್ಷಗಳಿಂದ ಕೂಡಿಹಾಕಿದ್ದ ಮಟ್ಟುಗಳೆಲ್ಲ ಹಕ್ಕಿಗಳ ಹಾಗೆ ಹಾರಿ ಕಟ್ಟಿದವರ ಕೈ ಸೇರಿದವು. ಮಾರಲಿಂಗನ ಬೆರಳು ಬೆಚ್ಚಗಾಗಿ ಗಾಡಿಯ ಹಲಗೆಯ ಮೇಲೆ ತಾನಾಗಿ ತಾಳ ಹಾಕಿತು. ಅವನನ್ನು ಬಿಟ್ಟ ಮರ ಹೋಗಲು ಬೇರೆ ಜಾಗ ಕಾಣದೆ ಧೂಮ್ರಕಂಠನ ಕಾಲು ಹಿಡಿದು ಮೇಲೇರಿತು. ಅವನ ನಗು ಬಾಯಲ್ಲೇ ಕಟ್ಟಿಗೆಯಾಯಿತು.

"ಕನಿಕರ ತೋರಿಸಮ್ಮಾ" ಎಂದ ಒಬ್ಬ ಭಟ.

"ತೋರಿಸಿದೆನಲ್ಲ" ಎಂದಳು ಕೆಂಚಾಂಬೆ. "ಒಲೆಗೆ ಹಾಕ್ತಿಲ್ಲ."

ಮರವಾದ ಧೂಮ್ರಕಂಠನನ್ನು ಹೆಬ್ಬಾಗಿಲ ಬಳಿ ನೆಟ್ಟರು. ಹೋಗಿಬರುವ ಮಕ್ಕಳು ಅವನ ಹೊಟ್ಟೆಯ ಮೇಲೆ ತಾಳ ಹಾಕುತ್ತಿದ್ದರು. ಬೇಟೆಯಿಂದ ಮರಳಿದ ಅರಸ ನಾಚಿ, ವನವನ್ನು ವಾದ್ಯದವರ ಕೈಗೇ ಒಪ್ಪಿಸಿದ. ಮರದ ಆನೆ ಮತ್ತೆ ಮುಂದೆ ನಡೆಯಿತು. ಹಳೆಯ ಮಟ್ಟಿಗೂ ಹೊಸ ಮಟ್ಟಿಗೂ ಸಂಜೆಗಳು ಸಾಲುವಷ್ಟಿದ್ದವು. ಭಟರು ಕೊಂಡುಹೋದ ಶಂಖಗಳೆಲ್ಲ ಅವರವರ ಗೂಡಿಗೆ ಮರಳಿದವು. ಎಲ್ಲರೂ ಸುಖವಾಗಿ ಬಾಳಿದರು, ಬೀದಿಯಲ್ಲಿ ಚೌಕಾಸಿ ಮಾಡುತ್ತಲೇ.

ಕೆಂಚಾಂಬೆಯ ಸಿಟ್ಟೊಂದು ಮಾತ್ರ ಇಳಿಯಲಿಲ್ಲ. ಮರುದಿನ ಅಂಗಡಿ ತೆರೆಯುತ್ತಿದ್ದಂತೆ ಒಬ್ಬ ಗಿರಾಕಿ ಬಂದು ನಿಂತ.

"ಅಕ್ಕಾ, ಇದರಲ್ಲಿ ಯಾರೋ ಸೀನಿದ್ದಾರೆ. ಬದಲಾಯಿಸಿ ಕೊಡ್ತೀರಾ?"

"ಕೊಡಲ್ಲ. ಸೀನಿದವನಿಗೂ ಅದರಲ್ಲಿ ಪಾಲಿದೆ. ಮನೆಗೆ ಹೋಗಿ ಪೂರ್ತಿ ಕೇಳು!"

ಅವನು ಹೋಗಿ ಪೂರ್ತಿ ಕೇಳಿದ. ಕತೆಯೂ ಪೂರ್ತಿಯಾಯಿತು.