ಮುಳುಗಿ ಏಳುವ ಹಡಗು

1960ನೇ ಇಸವಿ ಜನವರಿ 27, ಬುಧವಾರ, ಬೆಳಿಗ್ಗೆ ಹತ್ತೂಕಾಲಿಗೆ ಅಂಚೆ ಇಲಾಖೆಯ ಅಧಿಕಾರಿ ನಲ್ಲಪ್ಪ ಶಿಡ್ಲಘಟ್ಟ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಜರ್ಮನಿಯಿಂದ ದಿಬ್ಬೂರಹಳ್ಳಿಯ ಆದಿಲಕ್ಷ್ಮಮ್ಮನಿಗೆ ನವೆಂಬರಿನಲ್ಲಿ ಒಂದು ರಿಜಿಸ್ಟರ್ಡ್ ಕಾಗದ ಬಂದಿತ್ತು. ಹೆಬ್ಬೆಟ್ಟು ಒತ್ತಿದ ಸ್ವೀಕೃತಿ ಚೀಟಿ ಜರ್ಮನಿಗೆ ವಾಪಸೂ ಹೋಗಿತ್ತು. ಉತ್ತರ ಕಾಣದೆ ಕಳುಹಿಸಿದವನು ಆ ಚೀಟಿಯನ್ನೇ ಲಗತ್ತಿಸಿ ವಿಚಾರಿಸಿದ್ದ. ಆದಿಲಕ್ಷ್ಮಮ್ಮನನ್ನು ಕೇಳಿದರೆ ಯಾವ ಕಾಗದವೂ ಬಂದಿಲ್ಲ ಎನ್ನುತ್ತಾಳೆ.

ಇನ್‌ಸ್ಪೆಕ್ಟರ್ ಚನ್ನಕೇಶವ ಎಫ್‌ಐಆರ್ ಬರೆಸಿದರು. ಆ ವಾರ ಎರಡು ರೇಷ್ಮೆಗೂಡಿನ ಕಳವು, ಒಂದು ಬಾವಿ ಜಗಳ ಆಗಿದ್ದವು. ಈಗ ಜರ್ಮನಿ ಬೇರೆ. ನಿದ್ದೆ ಸಾಲದ ಕಣ್ಣುಜ್ಜಿಕೊಂಡು ದಫೇದಾರ್ ಬಯ್ಯಪ್ಪನನ್ನು ಕರೆದುಕೊಂಡು ಬಸ್ಸು ಹತ್ತಿದರು.

ಮಧ್ಯಾಹ್ನ 12.40ಕ್ಕೆ ಆದಿಲಕ್ಷ್ಮಮ್ಮ ಚರಕದ ಮುಂದಿದ್ದಳು. ಕುದಿಯುವ ನೀರಿಗೆ ಕೈ ಹಾಕಿ ಗೂಡಿನಿಂದ ನೂಲು ಬಿಚ್ಚುವುದು ಅವಳ ಕಸುಬು. ಹಣೆ ತುಂಬ ಕುಂಕುಮ. ಮಾಘ ಮಾಸದಲ್ಲಿ, ಫೆಬ್ರವರಿ 11ಕ್ಕೆ, ಮಗಳು ಶ್ಯಾಮಲಳ ಮದುವೆಯೆಂದು ಗೋಡೆಗೆ ಸುಣ್ಣವಾಗಿತ್ತು.

ಬಯ್ಯಪ್ಪ ಅವಳ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿಸಿದ. ಮೂರು ಸಲವೂ ಬರೀ ಕರೀ ಮಚ್ಚೆ ಬಿತ್ತು. ಇಪ್ಪತ್ತು ವರ್ಷದ ಬಿಸಿನೀರಿಗೆ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಸ್ವೀಕೃತಿ ಚೀಟಿಯ ಹೆಬ್ಬೆಟ್ಟಿನಲ್ಲಾದರೋ ಗೆರೆಗಳನ್ನು ಎಣಿಸಬಹುದಿತ್ತು, ನಡುವೆ ಅವರೆಕಾಳಿನಷ್ಟು ಜಾಗ ಮಾತ್ರ ಬಿಳಿ. ನೂಲು ಬಿಚ್ಚುವವಳ ಬೆರಳು ಹೇಗಿರುತ್ತದೆಂದು ಈ ಊರಲ್ಲೇ ಇದ್ದುಕೊಂಡು ಯೋಚಿಸದ ಕಳ್ಳ ಯಾರೆಂದು ಬಯ್ಯಪ್ಪ ಗೊಣಗಿದ.

ಗಂಡನ ವಿಚಾರ ಕೇಳಿದರು. ಎರ್ರಪ್ಪ ಯುದ್ಧಕಾಲದಲ್ಲಿ ಇಂಗ್ಲಿಷರ ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದ. 1944ರಲ್ಲಿ ಜರ್ಮನರ ಜಲಾಂತರ್ಗಾಮಿ ಅದನ್ನು ಮುಳುಗಿಸಿತು. ನೀರಿಗೆ ಬಿದ್ದ ಎರ್ರಪ್ಪನನ್ನು ಜರ್ಮನರು ತಮ್ಮ ಹಡಗಿಗೇ ಎಳೆದುಕೊಂಡದ್ದನ್ನು ಬದುಕಿ ಬಂದವರು ನೋಡಿದ್ದರು. ಹಾಗೆಂದು ಹಡಗಿನ ಕಂಪನಿ ಆಗ ಬರೆದ ಕಾಗದವನ್ನು ಅವಳಿಗೆ ಓದಿ ಹೇಳಿದವನು ಪೋಸ್ಟ್‌ಮ್ಯಾನ್ ಮುನಿಶಾಮಪ್ಪ.

"ಮುಣುಗೋ ಹಡಗು ಅಂದ. ಮುಣುಗೇಹೋಯ್ತಾ ಅಣ್ಣ ಅಂದೆ. ಇಲ್ಲ ಕಣಮ್ಮ, ಅದು ಮುಣುಗಿ ಏಳೋ ಹಡಗು, ಅದರ ಕಸುಬೇ ಅದು ಅಂದ. ಅದಕ್ಕೇ ಸ್ವಾಮಿ, ನಾನು ಕುಂಕುಮ ಅಳಿಸಲಿಲ್ಲ."

3.20ಕ್ಕೆ ಅಂಚೆ ಕಚೇರಿಯಲ್ಲಿ ಮುನಿಶಾಮಪ್ಪ ಟಪಾಲು ಚೀಲಕ್ಕೆ ಅರಗಿನ ಮೊಹರು ಹಾಕುತ್ತಿದ್ದ. ಎಡ ಹೆಬ್ಬೆಟ್ಟಿನ ನಡುವೆ ಅರಗು ಸುಟ್ಟ ಹಳೇ ಕಲೆ. ಚನ್ನಕೇಶವರ ಕಣ್ಣು ಅದರ ಮೇಲೆ ಬಿತ್ತು. ಇವನಾಗಿರದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಬಯ್ಯಪ್ಪ ಮಸಿ ಹಚ್ಚಿ ಒತ್ತಿಸಿದ. ಅದೇ ಬಿಳಿ ಜಾಗ ಬಿತ್ತು.

"ಕಾಗದ ಎಲ್ಲಿ?"

"ಮನೇಲಿದೆ ಸ್ವಾಮಿ."

"ಓದಿದ್ರಾ?"

"ಓದೋ ಅಷ್ಟು ಇಂಗ್ಲೀಷು ಬರ್ತದೆ."

5.10ಕ್ಕೆ ಇಬ್ಬರು ಪಂಚರ ಮುಂದೆ ಅವನ ಟ್ರಂಕಿನಿಂದ ಕಾಗದ ತೆಗೆದು ಪಂಚನಾಮೆ ಮಾಡಿದರು. ಟೈಪು ಮಾಡಿದ ಏಳು ಹಾಳೆ. ಬರೆದವನ ತಮ್ಮ ಆ ಜಲಾಂತರ್ಗಾಮಿಯಲ್ಲಿ ವೈರ್‌ಲೆಸ್ ಸಿಬ್ಬಂದಿಯಾಗಿದ್ದ. ಅಣ್ಣ ಹತ್ತು ವರ್ಷ ಅಲೆದು ಅದರ ಚರಿತ್ರೆ ಕೂಡಿಸಿದ್ದ: ಮಲಯದ ಬಂದರಿನಿಂದ ಹೊರಟದ್ದು, ಎರಡು ಹಡಗು ಮುಳುಗಿಸಿದ್ದು, ನಡುಸಮುದ್ರದಲ್ಲಿ ಇನ್ನೊಂದು ಜಲಾಂತರ್ಗಾಮಿಗೆ ಟಪಾಲು ದಾಟಿಸಿದ್ದು. ಆ ಟಪಾಲಿನಲ್ಲೇ ತಮ್ಮನ ಕೊನೆಯ ಪತ್ರ ಬಂದಿತ್ತು. ದಿಬ್ಬೂರಹಳ್ಳಿಯ ಎರ್ರಪ್ಪ ಎಂಬ ಸೆರೆಯಾಳು ಮೆಣಸು ಹಾಕಿ ಬೇಳೆಸಾರು ಮಾಡುತ್ತಾನೆ, ಅವನ ಮಗಳು ಶ್ಯಾಮಲಳ ಹೆಸರು ನಮಗೆಲ್ಲ ಬಾಯಿಪಾಠ, ಎಂದಿತ್ತು. 1944ರ ಅಕ್ಟೋಬರ್ 9ರ ನಂತರ ಹಡಗಿನಿಂದ ಸುದ್ದಿಯಿಲ್ಲ. ಎರ್ರಪ್ಪ ಸೇರಿ ಐವತ್ತೇಳು ಜನ. ಎಲ್ಲಿ, ಯಾವ ದಿನ ಹೋಯಿತೆಂದು ಯಾರಿಗೂ ತಿಳಿಯದು. ಕೊನೆಗೆ ಅವನೊಂದು ಪ್ರಶ್ನೆ ಕೇಳಿದ್ದ: ತಮ್ಮನ ಹೆಸರಿನಲ್ಲಿ ಯಾವ ದಿನ ದೀಪ ಹಚ್ಚಬೇಕೋ ನಮ್ಮ ತಾಯಿಗೆ ಗೊತ್ತಾಗುತ್ತಿಲ್ಲ, ನೀವು ಯಾವ ದಿನ ಹಚ್ಚುತ್ತೀರಿ?

ಚನ್ನಕೇಶವ ಹಾಳೆಗಳನ್ನು ಮಡಿಸಿದರು. ಯಾಕೆ ಬಚ್ಚಿಟ್ಟಿರಿ ಎಂದರು.

"ಆಗಷ್ಟೇ ಗಂಡಿನವರು ಒಪ್ಪಿದ್ರು ಸ್ವಾಮಿ. ಇದನ್ನ ಓದಿದ್ರೆ ಆಯಮ್ಮ ಹಸೆ ಹತ್ರ ಬರೋ ಹಂಗಿಲ್ಲ, ಮಗಳಿಗೆ ಆರತಿ ಎತ್ತೋ ಹಂಗಿಲ್ಲ. ಮದುವೆ ಮಾರನೇ ದಿನ ಕೊಡಣ ಅಂತಿದ್ದೆ. ಏಳೋ ಹಡಗು ಅಂದವನು ನಾನೇ ಅಲ್ವಾ?"

5.45ಕ್ಕೆ ಅಂಚೆ ಕಾಯ್ದೆಯ 52ನೇ ಕಲಮಿನಂತೆ ದಸ್ತಗಿರಿ ಆಯಿತು. ಇಪ್ಪತ್ತಾರು ವರ್ಷದ ನೌಕರಿ ಅಲ್ಲಿಗೆ ಮುಗಿದಂತೆಯೇ. ಖಾಕಿ ಕೋಟನ್ನು ಮಡಿಸಿ ಬಯ್ಯಪ್ಪನ ಕೈಗಿಟ್ಟು ಅವನು ಬಸ್ಸು ಹತ್ತಿದ.

ಮಾರನೇ ಬೆಳಿಗ್ಗೆ ಆದಿಲಕ್ಷ್ಮಮ್ಮ ಠಾಣೆಗೆ ಬಂದಳು. ಕಾಗದದಲ್ಲಿ ಏನಿದೆಯೆಂದು ಅವಳು ಕೇಳುತ್ತಾಳೆಂದು ಚನ್ನಕೇಶವ ರಾತ್ರಿಯೆಲ್ಲ ಹೆದರಿದ್ದರು. ಅವಳು ಕೇಳಲಿಲ್ಲ.

"ಆ ಕಾಗದ ಈಗ ಎಲ್ಲಿರ್ತದೆ ಸ್ವಾಮಿ?"

"ಕೋರ್ಟಿನಲ್ಲಮ್ಮ. ಕೇಸು ಮುಗಿದ ಮೇಲೆ ನಿಮಗೆ ಕೊಡ್ತಾರೆ."

"ಮಾಘ ಮಾಸ ಕಳೀತದಾ?"

"ಕಳೀತದೆ."

"ಹಂಗಾದ್ರೆ ಅಲ್ಲೇ ಇರಲಿ."

ಅವಳು ಸೆರಗಿನಿಂದ ಅರಿಶಿನ ಹಚ್ಚಿದ ಲಗ್ನಪತ್ರಿಕೆ ತೆಗೆದು, ಅಣ್ಣನಿಗೆ ಕೊಡಿ ಎಂದು ಲಾಕಪ್ಪಿನ ಕಡೆ ನೋಡದೆ ಮೇಜಿನ ಮೇಲಿಟ್ಟು ಹೋದಳು. ಚನ್ನಕೇಶವ ಕೇಸ್ ಡೈರಿ ತೆರೆದು, ಉದ್ದೇಶ ಎಂಬಲ್ಲಿ 'ಸ್ವಂತ ಲಾಭವೇನೂ ಇಲ್ಲ' ಎಂದು ಬರೆದು, ಪತ್ರಿಕೆಯನ್ನು ತಾವೇ ತೆಗೆದುಕೊಂಡು ಹೋಗಿ ಮುನಿಶಾಮಪ್ಪನಿಗೆ ಕೊಟ್ಟರು.