ಅಳಿಸದೆ ಬಿಟ್ಟ ಚುಕ್ಕೆ

"ಮದುಮಗಳ ಮಚ್ಚೆ ಎಲ್ಲಿ?"

ಅವಳು ತಲೆಯೆತ್ತಿದಳು. ಬಾಗಿಲಲ್ಲಿ ಒಬ್ಬ ಯುವಕ ನಿಂತಿದ್ದ. ಕೊರಳಲ್ಲಿ ಬಣ್ಣವೆಲ್ಲ ಸವೆದುಹೋದ ಕ್ಯಾಮೆರಾ, ಕೈಯಲ್ಲೊಂದು ಫೋಟೋ, ಮುಖದಲ್ಲಿ ನಿಗಿನಿಗಿ ಕೆಂಡ!

"ಯಾವ ಮಚ್ಚೆ?"

"ಗಲ್ಲದ ಮೇಲಿಂದು. ಹುಟ್ಟಿದಾಗಿಂದ ಇತ್ತಂತೆ. ಅವರಮ್ಮ ಕೆಳಗೆ ಕೂತು ಅಳ್ತಿದಾರೆ, ಫೋಟೋದಲ್ಲಿರೋಳು ನನ್ನ ಮಗಳೇ ಅಲ್ಲ ಅಂತ! ಅಳಿಸಿದ್ದು ನೀವೇ ತಾನೆ?"

ಈ ಸ್ಟುಡಿಯೋ ಅವಳ ಸೋದರತ್ತೆಯದು. ಕೆಳಗೆ ಅತ್ತೆಯ ಕೌಂಟರು, ಮೆಟ್ಟಿಲು ಹತ್ತಿ ಬಂದರೆ ಫೋಟೋ ತಿದ್ದುವ ಈ ಪುಟ್ಟ ಕೋಣೆ. ಹೊರಗೆ ಹೋಗಿ ಮದುವೆಗಳ ಫೋಟೋ ತೆಗೆದು ತರುವವನು ಇವನು. ಕೆಲಸಕ್ಕೆ ಸೇರಿ ವಾರವೂ ತುಂಬಿಲ್ಲ, ಆಗಲೇ ಎಡವಟ್ಟು! ಆದರೆ ಬೈಸಿಕೊಂಡು ಸುಮ್ಮನಿರುವ ಜಾಯಮಾನ ಅವಳದಲ್ಲ.

"ಸ್ವಲ್ಪ ಇಲ್ಲಿ ನೋಡಿ" ಎಂದು ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದಳು. "ಇದು ಗೋಡೆ. ಇದು ಯಾರದೋ ಅಂಗಿ. ಇದು ಮಗುವಿನ ಕೆನ್ನೆ. ಎಲ್ಲದರಲ್ಲೂ ಅದೇ ಜಾಗದಲ್ಲಿ ಒಂದು ಕಪ್ಪು ಚುಕ್ಕೆ. ನಿಮ್ಮ ಕ್ಯಾಮೆರಾ ಒಳಗೆ ಬೆಳಕು ಹಿಡಿಯೋ ಸೆನ್ಸರ್ ಮೇಲೆ ಗೀರು ಬಿದ್ದಿದೆ ಸ್ವಾಮಿ! ಒಂದೊಂದಾಗಿ ಅಳಿಸ್ತಾ ಕೂತಿದೀನಿ. ಮದುಮಗಳ ಮಚ್ಚೆ ಸರಿಯಾಗಿ ಅದರ ಮಗ್ಗುಲಿಗೇ ಬಂದು ಕೂತ್ರೆ ನಾನೇನ್ ಮಾಡ್ಲಿ?"

ಅವನು ಬಗ್ಗಿ ನೋಡಿದ. ಒಂದೊಂದು ಫೋಟೋವನ್ನೂ ನೋಡಿದ. ಮುಖದ ಕೆಂಡ ಮೆಲ್ಲಗೆ ಆರಿತು.

"ಹೂಂ" ಎಂದ.

ಅಷ್ಟೇ! ಕ್ಷಮಿಸಿ ಎನ್ನಲಿಲ್ಲ, ನಗಲೂ ಇಲ್ಲ. ಮಚ್ಚೆಯನ್ನು ಅವಳು ಮತ್ತೆ ಅದರ ಜಾಗಕ್ಕೆ ಕೂರಿಸುವವರೆಗೂ ಗೋಡೆಗೆ ಒರಗಿ ನಿಂತಿದ್ದು, ಫೋಟೋ ತೆಗೆದುಕೊಂಡು ಇಳಿದುಹೋದ.

ಅಂದಿನಿಂದ ಅವನು ಫೋಟೋಗಳಿರುವ ಮೆಮೊರಿ ಕಾರ್ಡನ್ನು ಕೌಂಟರಿನಲ್ಲಿ ಕೊಟ್ಟುಹೋಗುವುದನ್ನು ಬಿಟ್ಟ. ತಾನೇ ಮೇಲೆ ಹತ್ತಿ ಬರುತ್ತಿದ್ದ. ಮೂಲೆಯ ಸ್ಟೂಲಿನ ಮೇಲೆ ಕೂತು ಅವಳು ಕೆಲಸ ಮಾಡುವುದನ್ನು ನೋಡುತ್ತಿದ್ದ.

ಆಮೇಲೊಂದು ದಿನ ಅವಳಿಗೆ ತಿಳಿಯಿತು... ಈಗೀಗ ಆ ಚುಕ್ಕೆ ಯಾರ ಮುಖದ ಮೇಲೂ ಬೀಳುತ್ತಿಲ್ಲ! ಖಾಲಿ ಗೋಡೆಯ ಮೇಲೋ, ಪರದೆಯ ಮೇಲೋ ಬೀಳುವಂತೆ ಅವನು ಜನರನ್ನು ಆಚೀಚೆ ಸರಿಸಿ ನಿಲ್ಲಿಸುತ್ತಿದ್ದ.

"ಯಾಕ್ರೀ ಇಷ್ಟು ಕಷ್ಟಪಡ್ತೀರಾ?" ಎಂದು ಕೇಳಿದಳು.

"ಗೋಡೆ ಮೇಲಿದ್ರೆ ನಿಮಗೆ ಅಳಿಸೋಕೆ ಸುಲಭ ಅಲ್ವಾ?"

ಅವಳು ಮುಖ ತಿರುಗಿಸಿಕೊಂಡಳು. ಕಿವಿಯವರೆಗೂ ಕೆಂಪಾಗಿದ್ದುದನ್ನು ಅವನು ನೋಡಬಾರದಲ್ಲ...

"ಏನಮ್ಮಾ ಪುಟ್ಟಿ, ನಿಮ್ಮ ಹೂಂರಾಯ ಇವತ್ತೂ ಮೇಲೇ ಬಿಡಾರ ಹೂಡಿದ್ನಲ್ಲ?" ಎಂದು ಅತ್ತೆ ಕೆಣಕುತ್ತಿದ್ದಳು.

"ನಮ್ಮ ಹೂಂರಾಯ ಅಂತೆ! ನೀನೇ ಇಟ್ಕೋ" ಎಂದು ಇವಳು ಗದರುತ್ತಿದ್ದಳು. ಗದರುತ್ತಲೇ ಸ್ಟೂಲಿನ ಧೂಳು ಒರೆಸುತ್ತಿದ್ದಳು.

ಹೀಗಿರುವಾಗ ಬಂದಳು ನೋಡಿ, ಕ್ಯಾಮೆರಾ ಕಂಪನಿಯವಳು!

ಗುಂಗುರು ಕೂದಲು, ಗಲಗಲ ನಗು, ಕೈತುಂಬ ಹೊಳೆಯುವ ಪೆಟ್ಟಿಗೆಗಳು. ಸ್ಟುಡಿಯೋದಿಂದ ಸ್ಟುಡಿಯೋಗೆ ಹೋಗಿ ಹೊಸ ಕ್ಯಾಮೆರಾ ತೋರಿಸುವುದು ಅವಳ ಕೆಲಸ.

"ಇನ್ನೂ ಈ ಡಬ್ಬಾ ಹಿಡ್ಕೊಂಡಿದೀರಾ? ಇದನ್ನ ನೋಡಿ. ಕಾರ್ಡ್ ತೆಗೆಯೋ ಗೋಜೇ ಇಲ್ಲ. ನೀವು ಅಲ್ಲಿ ಕ್ಲಿಕ್ ಮಾಡಿದ್ರೆ ಇಲ್ಲಿ ಕಂಪ್ಯೂಟರಿಗೆ ಬಂದು ಬೀಳುತ್ತೆ. ಒಂದಷ್ಟು ದಿನ ಇಟ್ಕೊಂಡು ನೋಡಿ, ಆಮೇಲೆ ಮಾತಾಡೋಣ."

ಮೆಟ್ಟಿಲ ಮೇಲೆ ನಿಂತು ಇವಳು ಕೇಳಿಸಿಕೊಂಡಳು. ಅವನೂ ಮಾತಾಡುತ್ತಿದ್ದ! ಲೆನ್ಸು, ಬ್ಯಾಟರಿ, ಬೆಳಕು... ಉದ್ದುದ್ದ ಮಾತು! ನಡುವೆ ಒಮ್ಮೆ ನಕ್ಕ ಕೂಡ.

'ಓಹೋ! ಇವನಿಗೆ ಮಾತು ಬರುತ್ತೆ! ನನ್ನ ಹತ್ತಿರ ಮಾತ್ರ ಬಾಯಿಗೆ ಬೀಗ!'

ಮರುದಿನದಿಂದ ಫೋಟೋಗಳು ತಾವಾಗಿಯೇ ಬಂದು ಕಂಪ್ಯೂಟರಿನಲ್ಲಿ ಕೂರತೊಡಗಿದವು. ಒಂದರಲ್ಲೂ ಚುಕ್ಕೆಯಿಲ್ಲ. ಅಳಿಸಲು ಏನೂ ಇಲ್ಲ. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದೂ ಇಲ್ಲ... ಒಮ್ಮೆ ಮಾತ್ರ ಅರ್ಧದವರೆಗೆ ಯಾರೋ ಹತ್ತಿದಂತಾಗಿ, ಹಾಗೇ ಇಳಿದುಹೋದಂತಾಯಿತು. ಅವಳು ಬಾಗಿಲ ಕಡೆ ನೋಡಿದ್ದಷ್ಟೇ ಬಂತು.

'ಆ ಗುಂಗುರು ಕೂದಲಿಗೇ ಹೋಗಿ ಸಿಕ್ಕಿಹಾಕಿಕೊಳ್ಳಲಿ. ನನಗೇನಂತೆ?'

ಏನಂತೆ ಎಂದರೆ, ಊಟ ಸೇರುತ್ತಿರಲಿಲ್ಲ.

"ಹೊಸದು ತಗೊಳ್ಳೋದಾ, ಹಳೇದೇ ಇಟ್ಕೊಳ್ಳೋದಾ ಅಂತ ಅವನು ಒದ್ದಾಡ್ತಿದಾನೆ" ಎಂದಳು ಅತ್ತೆ. "ದಿನಾ ಅವನ ಫೋಟೋ ನೋಡೋಳು ನೀನು. ನಿಜ ಹೇಳೇ, ಹಳೇದು ಹೇಗಿದೆ?"

ನಿಜವೇನೆಂದರೆ ಹಳೆಯದು ಸುಸ್ತಾಗಿತ್ತು. ಮಬ್ಬು ಬೆಳಕಿನ ಫೋಟೋಗಳೆಲ್ಲ ಮರಳು ಎರಚಿದಂತೆ ಬರುತ್ತಿದ್ದವು. ಈಚೆಗೆ ಅಡ್ಡಗೆರೆಗಳೂ ಶುರುವಾಗಿದ್ದವು. ಅವನಿಗೆ ಗೊತ್ತಾಗುವ ಮೊದಲೇ ಅವಳು ತಿದ್ದಿಬಿಡುತ್ತಿದ್ದಳು.

"ಹಳೇದೇ ಚೆನ್ನಾಗಿದೆ" ಎಂದಳು, ಅತ್ತೆಯ ಮುಖ ನೋಡದೆ.

"ಹಾಗಾದ್ರೆ ಜನರೇ ಹೇಳ್ಲಿ" ಎಂದು ಅತ್ತೆ ಒಂದು ಉಪಾಯ ಹೂಡಿದಳು. ಎರಡೂ ಕ್ಯಾಮೆರಾಗಳನ್ನು ಒಂದಾದ ಮೇಲೊಂದು ಅದೇ ಸ್ಟ್ಯಾಂಡಿಗೆ ಕೂರಿಸಿ, ಒಂದೇ ಮುಖದ ಫೋಟೋ ತೆಗೆದು, ಬಾಗಿಲ ಪಕ್ಕದ ಗಾಜಿನ ಷೋಕೇಸಿನಲ್ಲಿ ದೊಡ್ಡದಾಗಿ ತೂಗುಹಾಕುವುದು. ದಾರಿಹೋಕರು ಯಾವುದು ಚೆಂದ ಎನ್ನುತ್ತಾರೋ ನೋಡುವುದು.

ಮುಖ ಯಾರದು? ಇನ್ಯಾರದು! ಕಂಪನಿಯವಳೇ ಕೂದಲು ಕೊಡವಿಕೊಂಡು ಕೂತಳು.

ಎರಡು ಫೋಟೋಗಳು ಇವಳ ಮುಂದೆ ಬಂದವು. ಸ್ಟ್ಯಾಂಡು ಅಲುಗಿಸುವಂತಿರಲಿಲ್ಲವಲ್ಲ, ಹಳೆಯ ಕ್ಯಾಮೆರಾದ ಚುಕ್ಕೆ ಸರಿಯಾಗಿ ಕಂಪನಿಯವಳ ಮೂಗಿನ ತುದಿಗೇ ಬಿದ್ದಿತ್ತು. ನೊಣ ಕೂತಂತೆ!

ಅಳಿಸಲು ಕೈ ಮುಂದೆ ಹೋಯಿತು. ಆ ನಗುವ ಕಣ್ಣುಗಳನ್ನು ನೋಡಿದಳು. ಇಷ್ಟು ಚೆನ್ನಾಗಿ ನಗಿಸಿದ್ದು ಯಾರು? ಎದುರು ನಿಂತು ಕ್ಯಾಮೆರಾ ಹಿಡಿದವನೇ ತಾನೆ...

ಕೈ ಹಿಂದಕ್ಕೆ ಬಂತು. 'ಇರಲಿ! ಮೂಗಿನ ಮೇಲೆ ನೊಣ ಇಟ್ಟುಕೊಂಡೇ ಇರಲಿ!'

ಹಾಗೇ ಪ್ರಿಂಟಿಗೆ ಕಳಿಸಿಬಿಟ್ಟಳು.

ಹೊಟ್ಟೆಕಿಚ್ಚು ಬಂದವರಿಗೆ ಮುಂದಿನದು ಹೊಳೆಯುವುದಿಲ್ಲ ನೋಡಿ. ಷೋಕೇಸಿನ ಮುಂದೆ ಜನ ಕೂಡಿದರು. ಬಿದ್ದು ಬಿದ್ದು ನಕ್ಕರು. "ಈ ಹಳೇ ಕ್ಯಾಮೆರಾ ಮೊದಲು ಎಸೀರಿ!" ಎಂದರು. ಕಂಪನಿಯವಳಂತೂ ಗಾಜಿಗೆ ಮೂಗು ತಾಗಿಸಿ ನೋಡಿ, ಚಪ್ಪಾಳೆ ತಟ್ಟಿ ನಕ್ಕಳು. "ನನ್ನ ಮೂಗು ಹಾಳಾದ್ರೂ ಪರವಾಗಿಲ್ಲ, ಒಂದು ಆರ್ಡರ್ ಆದ್ರೂ ಸಿಗುತ್ತೆ!"

ಮೇಲಿನ ಕೋಣೆಯಿಂದ ಇಳಿದು ಬಂದಿದ್ದ ಇವಳು ಬಾಗಿಲ ಮರೆಯಲ್ಲೇ ಕಲ್ಲಾದಳು. ಕಂಪನಿಯವಳ ಕಣ್ಣಿದ್ದದ್ದು ಆರ್ಡರಿನ ಮೇಲೆ... ಅವನ ಮೇಲಲ್ಲ! ಅಯ್ಯೋ, ನಾನೇನು ಮಾಡಿಬಿಟ್ಟೆ? ಹಳೆಯದನ್ನು ನನ್ನ ಕೈಯಾರೆ ಸೋಲಿಸಿದೆನಲ್ಲ!

ಓಡಿಹೋಗಿ ತನ್ನ ಕೋಣೆ ಸೇರಿದಳು. ಹಿಂದೆಯೇ ಹೆಜ್ಜೆಯ ಸದ್ದು. ಈ ಸಲ ಅರ್ಧಕ್ಕೆ ನಿಲ್ಲಲಿಲ್ಲ.

"ಬಾಯಿಬಿಟ್ಟು ಹೇಳಿದ್ರೆ ಸಾಕಿತ್ತು" ಎಂದ ಅವನು, ಬಾಗಿಲಲ್ಲೇ ನಿಂತು.

"ಏನು?"

"ನಾನು ಬಂದು ಕೂರೋದು ನಿಮಗೆ ಬೇಡ ಅಂತ."

"ಯಾರು ಹೇಳಿದ್ರು ಹಾಗಂತ?"

"ಆ ಮೂಗೇ ಹೇಳ್ತಿದೆಯಲ್ಲ! ಯಾವತ್ತೂ ಒಂದು ಚುಕ್ಕೆ ಬಿಟ್ಟವರಲ್ಲ ನೀವು. ಇದೊಂದನ್ನ ಯಾಕೆ ಬಿಟ್ರಿ? ಹಳೇದು ಹಾಳಾಗಿ ಹೋಗ್ಲಿ, ಫೋಟೋ ಬಂದ್ರೆ ಸಾಕು, ಇವನು ಬರೋದು ಬೇಡ ಅಂತ ತಾನೆ?" ಖಾಲಿ ಸ್ಟೂಲಿನ ಕಡೆ ನೋಡಿದ. "ನಾನು... ಹಳೇದೇ ಗೆಲ್ಲಲಿ ಅಂತ ಕಾಯ್ತಿದ್ದೆ."

"ಅಯ್ಯೋ ದಡ್ಡಪ್ಪಾ!" ಅವಳಿಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು. "ಹೊಟ್ಟೆಕಿಚ್ಚು ರೀ! ಬರೀ ಹೊಟ್ಟೆಕಿಚ್ಚು!"

"ಯಾರ ಮೇಲೆ?"

"ಆ ಗುಂಗುರು ಕೂದಲ ಮೇಲೆ! ಅವಳ ಹತ್ರ ಗಂಟೆಗಟ್ಟಲೆ ಮಾತಾಡ್ತೀರಿ. ನನ್ನ ಹತ್ರ ಏನಿದೆ ನಿಮಗೆ?"

ಅವನು ಮೆಲ್ಲಗೆ ಹೇಳಿದ:

"ಅವರ ಹತ್ರ ಬ್ಯಾಟರಿ ವಿಷಯ ಮಾತಾಡಬಹುದು. ನಿಮ್ಮ ಮುಂದೆ ಬಾಯಿ ತೆಗೆದ್ರೆ ಒಳಗಿರೋದೆಲ್ಲ ಬಂದುಬಿಡುತ್ತೇನೋ ಅಂತ ಭಯ. ಕೈಯಲ್ಲಿ ಕಾರ್ಡಿಲ್ಲದೆ ಬರೋಕೂ ಧೈರ್ಯ ಸಾಲಲಿಲ್ಲ. ಅರ್ಧ ಮೆಟ್ಟಿಲು ಹತ್ತಿ ವಾಪಸ್ ಹೋಗಿದೀನಿ."

ಅವಳ ಕಣ್ಣು ತುಂಬಿ ಬಂತು. ಇನ್ನು ಮುಚ್ಚಿಡುವುದೇನು?

"ನಾನೊಂದು ಸುಳ್ಳು ಹೇಳಿದೀನಿ" ಎಂದಳು. "ಹಳೇದು ಚೆನ್ನಾಗಿಲ್ಲ. ಗೆರೆ ಗೆರೆ ಬೀಳ್ತಿದೆ, ನಾನೇ ತಿದ್ದಿ ತಿದ್ದಿ ಮುಚ್ಚಿಟ್ಟಿದ್ದೆ. ಯಾರದಾದ್ರೂ ಮದುವೆ ದಿನ ಅದು ಕೈಕೊಟ್ರೆ ನಿಮ್ಮ ಹೆಸರು ಹಾಳಾಗುತ್ತೆ. ಹೊಸದು ತಗೊಳ್ಳಿ."

"ನಿಜವಾಗ್ಲೂ ತಗೊಳ್ಲಾ?"

"ತಗೊಳ್ಳಿ. ನೀವು ಬರದೇ ಇದ್ರೂ... ತಗೊಳ್ಳಿ."

ಅವನು ಹತ್ತಿರ ಬಂದ. ಮೊದಲ ಬಾರಿಗೆ ಅವಳ ಕೈ ಹಿಡಿದ.

"ಬರ್ತೀನಿ. ಏನೂ ಕೆಲಸ ಇಲ್ದಿದ್ರೂ ಬರ್ತೀನಿ. ಬೇಡ ಅಂದ್ರೂ ಬರ್ತೀನಿ."

ಅಷ್ಟರಲ್ಲಿ ಕೆಳಗಿನಿಂದ ಅತ್ತೆಯ ಕೂಗು! "ಎಲ್ರಪ್ಪಾ? ಈಯಮ್ಮ ಪೆನ್ನು ಹಿಡ್ಕೊಂಡು ಕಾಯ್ತಿದಾಳೆ! ಹೊಸದೋ, ಹಳೇದೋ?"

ಅವನು ಕೈ ಬಿಡದೆ, ಮೆಟ್ಟಿಲ ಕಡೆ ಬಗ್ಗಿ ಕೂಗಿದ:

"ಹೊಸದು, ಅತ್ತೇ!"

ಕೆಳಗೆ ಕುರ್ಚಿ ಸರಿದ ಸದ್ದು.

"ಏನೋ ಅಂದೆ? ಯಾರಿಗೋ ಅತ್ತೆ? ಯಾವಾಗಿಂದ?"

ಅವನು ಗಾಬರಿಯಿಂದ ಅವಳ ಕಡೆ ತಿರುಗಿದ. "ಬಾಯಿ ತಪ್ಪಿ ಬಂತು... ಹಾಗೆ ಕರೀಬಹುದು ತಾನೆ?"

"ಊರಿಗೆಲ್ಲ ಕೇಳೋ ಹಾಗೆ ಕರೆದಾಯ್ತಲ್ಲ" ಎಂದಳು ಅವಳು, ಕಣ್ಣೊರೆಸಿಕೊಂಡು ನಗುತ್ತ. "ಹೋಗಿ, ಈಗ ಬೈಸಿಕೊಳ್ಳಿ."

"ಒಬ್ಬನೇನಾ? ನೀನೂ ಬಾ."

"ನಡೀರಿ" ಎಂದಳು. "ನಾನಿದೀನಲ್ಲ."