ಮೂರನೇ ಪ್ರಶ್ನೆ

ಒಂದು ಅಳುಕನ್ನು ಇಲ್ಲಿ ಬರೆದಿಟ್ಟುಬಿಡುತ್ತೇನೆ. ಹುಟ್ಟಿದಾಗಿನಿಂದ ನಾನು ಎಲ್ಲಕ್ಕೂ ತಲೆಯಾಡಿಸಿದವಳು. ಓದಿದ ಕೋರ್ಸಿಗೂ, ತೊಟ್ಟ ಬಟ್ಟೆಗೂ. ಅಪ್ಪ ಗೊತ್ತುಮಾಡಿದ ಈ ಮದುವೆಗೂ ತಲೆಯಾಡಿಸಿದೆ. ಇದೊಂದಕ್ಕೆ ಮಾತ್ರ ಮನಸಾರೆ. ಆದರೆ ಅದು ಯಾರಿಗೆ ಗೊತ್ತು?

ನನ್ನನ್ನು ಮದುವೆಯಾಗುವವರು ಕಾಲೇಜಿನಲ್ಲಿ ಕಾನೂನು ಕಲಿಸುತ್ತಾರೆ. ಡೈರಿಯಲ್ಲಿ ನಾನಿಟ್ಟ ಹೆಸರು ಮೇಷ್ಟ್ರು. ನಾಲ್ಕು ಭಾನುವಾರ ಒಟ್ಟಿಗೆ ನಡೆದಿದ್ದೇವೆ. ನನ್ನನ್ನು ಏನಾದರೂ ಕೇಳಿದರೆ ಅಲ್ಲೇ ನಿಂತುಬಿಡುತ್ತಾರೆ, ಉತ್ತರ ಬರುವವರೆಗೂ ನನ್ನನ್ನೇ ನೋಡುತ್ತಾ. ನನ್ನ ಮಾತಿಗೆ ಅಷ್ಟು ಹೊತ್ತು ಕಾದವರು ಇನ್ನೊಬ್ಬರಿಲ್ಲ.

ಮದುವೆಗೆ ಮುಂಚೆ ಚರ್ಚಿನ ಆಫೀಸಿನಲ್ಲಿ ಇಬ್ಬರನ್ನೂ ಬೇರೆಬೇರೆ ಕೂರಿಸಿ ವಿಚಾರಿಸುತ್ತಾರೆ. ಇವತ್ತು ಮೇಷ್ಟ್ರದು ಮುಗಿದು ನನ್ನ ಸರದಿ ಬಂತು.

"ಮೂರನೇ ಪ್ರಶ್ನೆ," ಎಂದರು ಫಾದರ್. "ಸ್ವಂತ ಇಚ್ಛೆಯಿಂದ ಒಪ್ಪಿದ್ದೀಯಾ ಮಗಳೇ?"

ತಲೆಯಾಡಿಸಿದೆ.

"ಅದನ್ನ ಬರೆಯೋಕೆ ಫಾರ್ಮಲ್ಲಿ ಜಾಗ ಇಲ್ಲಮ್ಮ. ಬಾಯಿಬಿಟ್ಟು ಹೇಳು."

ಮತ್ತೆ ತಲೆಯಾಡಿಸಿದೆ. ಫಾದರ್ ಕನ್ನಡಕ ತೆಗೆದರು. "ಹುಡುಗ ಏನಂದ ಗೊತ್ತಾ? 'ನನಗೆ ಒಪ್ಪಿಗೆ. ಅವರು ಮನೆಯವರಿಗೆ ಹೆದರಿ ಒಪ್ಪಿದ್ರೆ ಇವತ್ತೇ ನಿಲ್ಲಿಸಿಬಿಡಿ' ಅಂದ."

ಎದ್ದು ಹೊರಗೆ ಬಂದೆ. ಬೆಂಚಿನ ಮೇಲಿದ್ದ ಮೇಷ್ಟ್ರು ಗಡಬಡಿಸಿ ಎದ್ದರು.

"ನಿಲ್ಲಿಸಿ ಅಂದ್ರಂತೆ?"

"ಬಾಗಿಲು ತೆಗೆದಿಟ್ಟೆ ಅಷ್ಟೇ ರೀ. ನಿಮ್ಮ ದಾರಿಗೆ ಯಾರೂ ಅಡ್ಡ ಬರಬಾರದು, ನಾನೂ ಸೇರಿ. ಸ್ವಾತಂತ್ರ್ಯ ಅಂದ್ರೆ ಅದೇ ತಾನೇ?"

"ಅರ್ಧ ಪಾಠ ಹೇಳಬೇಡಪ್ಪ!" ಒಳಗಿನಿಂದ ಫಾದರ್ ಕೂಗಿದರು. "ಬರೀ ಬಾಗಿಲು ತೆಗೆದಿದ್ರೆ ಸಾಕಾ? ಹೋಗಿ ಸೇರೋಕೆ ಯಾರಾದ್ರೂ ಬೇಡ್ವಾ? ದೇವರು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿರೋದೇ ಪ್ರೀತಿಸೋಕೆ, ತನ್ನನ್ನ ಇನ್ನೊಬ್ಬರಿಗೆ ಕೊಟ್ಟುಕೊಳ್ಳೋಕೆ."

"ಬಲವಂತದಿಂದ ಕೊಟ್ರೆ ಅದು ಪ್ರೀತಿನಾ ಫಾದರ್?" ಎಂದರು ಮೇಷ್ಟ್ರು.

"ಅಲ್ಲ ಅಂತಾನೇ ಮಾರಾಯ, ಮೂರನೇ ಪ್ರಶ್ನೆ ಇರೋದು!"

ನನ್ನ ಸ್ವಾತಂತ್ರ್ಯಕ್ಕಾಗಿ ಇಬ್ಬರು ಗಂಡಸರ ಜಟಾಪಟಿ. ನನಗೆ ಬಾಯಿ ಹಾಕಲು ಸಂದಿಯಿಲ್ಲ! ನಗು ಬಂತು. ಆಗ ಮೇಷ್ಟ್ರ ಕೈ ನೋಡಿದೆ. ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಬಾಗಿಲು ತೆಗೆದಿಟ್ಟ ಮನುಷ್ಯ, ನಾನೆಲ್ಲಿ ಹೊರಟುಬಿಡುತ್ತೇನೋ ಎಂದು ಉಸಿರು ಹಿಡಿದು ನಿಂತಿದ್ದರು.

"ಇಬ್ಬರೂ ಸ್ವಲ್ಪ ಸುಮ್ನಿರ್ತೀರಾ?" ಎಂದೆ.

ಮೇಷ್ಟ್ರು ನನ್ನನ್ನೇ ನೋಡುತ್ತಾ ಕಾದರು. ನಾನೂ ಕಣ್ಣು ತಗ್ಗಿಸಲಿಲ್ಲ. ಫಾದರ್‌ಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಮನೆಯವರು ಬೇಡ ಅಂದಿದ್ರೂ ನಾನು ನಿಮ್ಮನ್ನೇ ಮದುವೆ ಆಗ್ತಿದ್ದೆ."